ಹಾಡಿನ ಮಳೆ, ನಮ್ಮೂರ ಮಳೆ

(ಶಿರಸಿಯಲ್ಲಿ ಆಷಾಢದ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ಸಂಗತಿ ಇಲ್ಲಿ ಸೇರಿವೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲಿ ಮನೆ ಬಿಟ್ಟು ಬಂದಿದ್ದೀರಿ, ಅದೂ ಮಳೆಯ ಬಗ್ಗೆಯೇ ಕೇಳಲಿಕ್ಕೆ! ಇಲ್ಲಿ ಕೂತ ಬಹಳ ಜನರ ತಲೆಯಲ್ಲಿ ಈಗ ಓಡುತ್ತಿರುವುದು ಅಡಿಕೆಯ ಕೊಳೆರೋಗ ಅಂತ ನನಗೆ ಗೊತ್ತು. ಎರಡನೇ ಸಲ ಔಷಧಿ ಹೊಡೆಯಲಿಕ್ಕೆ ಹೊಳವು, ಅಂದರೆ ಮಳೆ ಬಿಟ್ಟ ಹೊತ್ತು, ಸಿಗುತ್ತದೋ ಇಲ್ಲವೋ, ಸಿಕ್ಕ ದಿನ ಮರ ಹತ್ತುವ ಕೊನೆಗೌಡ ಬರುತ್ತಾನೋ ಇಲ್ಲವೋ. ಅಂಥವರ ಮುಂದೆ ನಿಂತು ‘ಮಳೆ ಮನಸ್ಸಿನ ಗಾಯ ಮಾಯಿಸುತ್ತದೆ’ ಅಂದರೆ ನೀವು ನನ್ನನ್ನು ಸುಮ್ನೆ ಬಿಡುವುದಿಲ್ಲ.

ಆದರೆ ನನಗೆ ಕೊಟ್ಟ ವಿಷಯ ಅದೇ. ಹಾಡುಗಳಲ್ಲಿ ಮಳೆ, ಅದರಿಂದ ನೊಂದ ಮನಸ್ಸಿಗೆ ಸಿಗುವ ಸಮಾಧಾನ. ಈಗಿನ ಹಾಡುಗಳಲ್ಲಿ ಇದಕ್ಕೊಂದು ಸಿದ್ಧ ಸೂತ್ರ ಇದೆ. ಒಬ್ಬನಿಗೆ ನೋವಾಗಿದೆ. ಮಳೆ ಬರುತ್ತದೆ. ಅವನು ಕೈ ಚಾಚಿ, ಮುಖ ಎತ್ತಿ ನೆನೆಯುತ್ತಾನೆ. ನೋವೆಲ್ಲ ತೊಳೆದುಹೋಗುತ್ತದೆ. ನಾಲ್ಕು ನಿಮಿಷದಲ್ಲಿ ಎಲ್ಲ ಸರಿ. ನನಗೆ ಈ ಸೂತ್ರ ನಂಬಲಿಕ್ಕೆ ಆಗುವುದಿಲ್ಲ. ಒಳ್ಳೆಯ ಹಾಡು ಬರೆದವರು ಮಳೆಗೆ ಇಷ್ಟು ಸಲೀಸಾದ ಕೆಲಸ ಕೊಟ್ಟಿಲ್ಲ. ಅವರ ಹಾಡಿನಲ್ಲಿ ಮಳೆ ಬಂದು ಅಳಲಿಕ್ಕೆ ಒಂದು ಜಾಗ ಮಾಡಿಕೊಡುತ್ತದೆ, ಅಷ್ಟೇ. ಗಾಯ ಮಾಯುವುದು ಆಮೇಲೆ, ನಿಧಾನಕ್ಕೆ. ಎಷ್ಟೋ ಸಲ ಮಳೆ ನಿಂತ ಮೇಲೆ.

ಹಳೆಯದರಿಂದಲೇ ಶುರು ಮಾಡೋಣ. ಆಷಾಢ ಅಂದಕೂಡಲೇ ಕಾಳಿದಾಸನ ಮೇಘದೂತ ನೆನಪಾಗುತ್ತದೆ. ಕೆಲಸದಲ್ಲಿ ತಪ್ಪಿದ ಒಬ್ಬ ಯಕ್ಷ. ಒಡೆಯನ ಶಾಪ. ಒಂದು ವರ್ಷ ಹೆಂಡತಿಯನ್ನು ಬಿಟ್ಟು ರಾಮಗಿರಿಯಲ್ಲಿ ಇರಬೇಕು. ಎಂಟು ತಿಂಗಳು ಹೇಗೋ ಕಳೆದಿದ್ದಾನೆ. ಆಷಾಢದ ಮೊದಲ ದಿನ ಬೆಟ್ಟಕ್ಕೆ ಆತುಕೊಂಡ ಮೋಡ ಕಣ್ಣಿಗೆ ಬೀಳುತ್ತದೆ. ಆಗ ಕವಿ ಹೇಳುವುದೇನು? ಮೋಡ ಕಂಡರೆ ಸುಖವಾಗಿ ಇರುವವನ ಮನಸ್ಸೂ ಕದಡುತ್ತದೆ, ಇನ್ನು ಪ್ರೀತಿಸಿದವಳು ದೂರ ಇದ್ದರೆ ಕೇಳಬೇಕೇ? ಸ್ವಲ್ಪ ಮುಂದೆ ಹೋದರೆ ಅದೇ ಮೋಡಕ್ಕೆ ಯಕ್ಷ ಹೇಳುತ್ತಾನೆ: ಬೆಂದವರಿಗೆ ನೀನೇ ಆಸರೆ. ಅಂದರೆ ಮನಸ್ಸು ಕದಡಿದ್ದೂ ಮೋಡ, ಆಸರೆಯೂ ಮೋಡ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಇಡೀ ಕಾವ್ಯ ನಡೆಯುತ್ತದೆ.

ಇನ್ನೊಂದು ವಿಷಯ ಗಮನಿಸಿ. ಆ ಮೋಡ ಒಂದು ಮಾತೂ ಆಡುವುದಿಲ್ಲ. ಯಕ್ಷ ದಾರಿ ಹೇಳುತ್ತಾನೆ, ಊರು ಹೇಳುತ್ತಾನೆ, ನದಿ ಹೇಳುತ್ತಾನೆ, ಮನೆಯ ಗುರುತು ಹೇಳುತ್ತಾನೆ. ಹೇಳಿ ಹೇಳಿ ಅವನ ಮನಸ್ಸೇ ಹಗುರಾಗುತ್ತದೆ. ಮಧ್ಯೆ ಬಾಯಿ ಹಾಕದೆ ಕೇಳುವವರು ಸಿಕ್ಕರೆ ಯಾರಿಗೆ ಹಗುರಾಗುವುದಿಲ್ಲ? ಕೊನೆಯಲ್ಲಿ ಹೆಂಡತಿಗೆ ಕಳಿಸುವ ಮಾತು ಇನ್ನೂ ಚೆನ್ನಾಗಿದೆ. ಉಳಿದ ನಾಲ್ಕು ತಿಂಗಳನ್ನು ಕಣ್ಣು ಮುಚ್ಚಿ ಕಳೆದುಬಿಡು ಅನ್ನುತ್ತಾನೆ. ನಾಲ್ಕು ತಿಂಗಳು ಅಂದರೆ ಸರಿಯಾಗಿ ಒಂದು ಮಳೆಗಾಲ. ಒಂದು ಜಡಿಮಳೆಗೆ ಎಲ್ಲ ಸರಿಹೋಯಿತು ಅಂತ ಕಾಳಿದಾಸ ಬರೆಯಲಿಲ್ಲ. ಪೂರ್ತಿ ಮಳೆಗಾಲ ಕಾಯಬೇಕು ಅಂದ.

ನಮ್ಮ ಉತ್ತರ ಕನ್ನಡ ಜಿಲ್ಲೆ ಹಿಂದೂಸ್ತಾನಿ ಸಂಗೀತದ್ದು, ಹಾಗಾಗಿ ಮಳೆಯ ರಾಗ ಮಲ್ಹಾರದ ಹೆಸರು ಎತ್ತದಿದ್ದರೆ ಇಲ್ಲಿ ಕೂತ ರಸಿಕರಿಗೆ ಬೇಜಾರಾದೀತು. ತಾನ್‌ಸೇನ್ ದೀಪಕ್ ರಾಗ ಹಾಡಿ ಮೈಯೆಲ್ಲ ಉರಿ ಹತ್ತಿಸಿಕೊಂಡ, ತಾನಾ ಮತ್ತು ರೀರಿ ಎಂಬ ಇಬ್ಬರು ಹೆಣ್ಣುಮಕ್ಕಳು ಮಲ್ಹಾರ ಹಾಡಿ ಮಳೆ ತರಿಸಿ ಆ ಉರಿ ತಣಿಸಿದರು ಅಂತ ಒಂದು ಕಥೆ ಇದೆ. ಕಥೆಯೇ ಇರಲಿ. ಮಲ್ಹಾರದ ಒಂದು ಬಗೆಯಾದ ಮಿಯಾ ಮಲ್ಹಾರ್ ಕೇಳಿದವರಿಗೆ ಗೊತ್ತು, ಅದು ಜಿಗಿದಾಡುವ ರಾಗ ಅಲ್ಲ. ಕೋಮಲ ಗಾಂಧಾರ ಎಂಬ ಸ್ವರ ಮೆಲ್ಲಗೆ ತೂಗುತ್ತದೆ. ಎರಡು ನಿಷಾದಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಕೆಳಗಿನ ಸ್ವರಗಳಲ್ಲೇ ಗಾಯಕ ಬಹಳ ಹೊತ್ತು ಓಡಾಡುತ್ತಾನೆ. ಉರಿ ಆರಿಸುವ ರಾಗವೂ ಅವಸರ ಮಾಡುವುದಿಲ್ಲ.

ಸರಿ, ಹಾಗಾದರೆ ‘ಮಳೆ ಬಂತು, ನೋವು ಹೋಯಿತು’ ಎಂಬುದು ಎಲ್ಲಿಂದ ಬಂತು? ಅದು ಒಣ ನೆಲದವರ ಅನುಭವ ಅಂತ ನನಗೆ ಅನಿಸುತ್ತದೆ. ಬಯಲುಸೀಮೆಯಲ್ಲಿ ಮಳೆ ಅಂದರೆ ಬರುವ ನೆಂಟ. ಮಕ್ಕಳು ಹುಯ್ಯೋ ಹುಯ್ಯೋ ಮಳೆರಾಯ ಅಂತ ಕರೆಯಬೇಕು, ಗುರ್ಜಿ ಹೊತ್ತು ಮನೆ ಮನೆ ತಿರುಗಬೇಕು. ಅಷ್ಟು ಕಾದ ಮೇಲೆ ನಾಲ್ಕು ಹನಿ ಬಿದ್ದರೆ ಆ ಸಮಾಧಾನ ಸುಳ್ಳಲ್ಲ. ಒಂದು ಭಾವಗೀತೆಯಲ್ಲಿ ಮುಂಗಾರಿನ ಅಭಿಷೇಕಕ್ಕೆ ನೆಲ ಮಿದುವಾಯಿತು, ಹೃದಯದ ಧಗೆ ಆರಿತು ಅಂತ ಬರುತ್ತದೆ. ನೀವೆಲ್ಲ ಕೇಳಿದ್ದೀರಿ. ನನಗೆ ಅದರಲ್ಲಿ ಇಷ್ಟ ಆಗುವುದು ನೆಲ ಮಿದುವಾಗುವ ಮಾತು. ಒಣಗಿ ಬಿರುಕು ಬಿಟ್ಟ ನೆಲಕ್ಕೆ ಗುದ್ದಲಿ ಇಳಿಯುವುದಿಲ್ಲ. ಮಿದುವಾದ ಮೇಲೆ ಇಳಿಯುತ್ತದೆ. ಬೆಳೆ ಬರುವುದು ಇನ್ನೂ ದೂರ, ಉಳಬೇಕು, ಬಿತ್ತಬೇಕು. ಕವಿ ಮಳೆಯ ಕೆಲಸವನ್ನು ಎಲ್ಲಿಗೆ ನಿಲ್ಲಿಸಬೇಕೋ ಅಲ್ಲಿಗೆ ನಿಲ್ಲಿಸಿದ್ದಾರೆ.

ಮೊದಲ ಮಳೆಯ ಮಣ್ಣಿನ ವಾಸನೆಯೂ ಹಾಗೆಯೇ. ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು 1964ರಲ್ಲಿ ಅದಕ್ಕೆ ಪೆಟ್ರಿಕೋರ್ ಅಂತ ಹೆಸರಿಟ್ಟರು. ಒಣ ಕಾಲದಲ್ಲಿ ಗಿಡಗಳಿಂದ ಹೊರಟ ಎಣ್ಣೆ ಕಲ್ಲು ಮಣ್ಣಿನಲ್ಲಿ ಕೂತಿರುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಜಿಯೋಸ್ಮಿನ್ ಎಂಬ ವಸ್ತು ಮಾಡಿರುತ್ತವೆ. ಹನಿ ಬಿದ್ದಾಗ ಅವೆಲ್ಲ ಗಾಳಿಗೆ ಏಳುತ್ತವೆ. ನಮ್ಮ ಮೂಗಿಗೆ ಜಿಯೋಸ್ಮಿನ್ ವಿಪರೀತ ಬೇಗ ಗೊತ್ತಾಗುತ್ತದೆ. ಆದರೆ ಆ ಘಮ ಬರಲಿಕ್ಕೆ ಮೊದಲು ನೆಲ ಒಣಗಿರಬೇಕು. ಶಿರಸಿಯಲ್ಲಿ ಅದು ಎಷ್ಟು ದಿನ? ಮೇ ಕೊನೆಯಲ್ಲಿ ಒಂದೆರಡು ಸಂಜೆ. ಆಮೇಲೆ ಏನಿದ್ದರೂ ಬೂಸಲಿನ ವಾಸನೆ. ಚಪ್ಪಲಿಗೆ ಬೂಸಲು, ಬೆಲ್ಟಿಗೆ ಬೂಸಲು, ಮದುವೆ ಆಲ್ಬಮ್ಮಿಗೂ ಬೂಸಲು.

ಈಗ ಬೇಂದ್ರೆಯವರ ಹತ್ತಿರ ಬರುತ್ತೇನೆ. ಇವತ್ತು ಬಂದದ್ದೇ ಈ ಒಂದು ಪದ್ಯದ ಬಗ್ಗೆ ಮಾತಾಡಲಿಕ್ಕೆ ಅಂದರೂ ಸರಿ. ‘ನೀ ಹೀಂಗ ನೋಡಬ್ಯಾಡ ನನ್ನ.’ ಮಗು ತೀರಿಕೊಂಡಿದೆ. ತಾಯಿ ಅಳುತ್ತಿಲ್ಲ. ಗಂಡನನ್ನು ಸುಮ್ನೆ ನೋಡುತ್ತಿದ್ದಾಳೆ. ಆ ನೋಟ ತಡೆಯಲಿಕ್ಕೆ ಅವನಿಗೆ ಆಗುತ್ತಿಲ್ಲ. ಇಲ್ಲಿ ಮಳೆ ಹೊರಗೆ ಎಲ್ಲೂ ಸುರಿಯುವುದಿಲ್ಲ. ಅವಳ ಕಣ್ಣಿನಲ್ಲಿ ಮಳೆ ಕಾಲೂರಿ ನಿಂತಿದೆ ಅನ್ನುತ್ತಾರೆ ಬೇಂದ್ರೆ. ಹನಿ ಒಡೆಯಲಿಕ್ಕೆ ಬಂದ ಮೋಡವನ್ನು ಗಾಳಿ ತಡೆದು ಹಿಡಿದ ಹಾಗಿದೆ. ನಡುನಡುವೆ ಒಂದು ಹುಚ್ಚು ನಗೆ ಬೇರೆ.

ಆಮೇಲೆ ಬರುವ ಸಾಲು: ‘ಅತ್ತಾರೆ ಅತ್ತುಬಿಡು, ಹೊನಲು ಬರಲಿ.’ ನಕ್ಕು ದುಃಖವನ್ನು ಯಾಕೆ ಮರೆಸುತ್ತೀ ಅಂತ ಕೇಳುತ್ತಾನೆ. ರೆಪ್ಪೆ ಬಡಿದು ಕಣ್ಣೀರು ಕೆಡವು ಅನ್ನುತ್ತಾನೆ. ತುಟಿ ಕಚ್ಚಿ ಬಿಕ್ಕು ಹಿಡಿಯಬೇಡ ಅನ್ನುತ್ತಾನೆ. ಅತ್ತರೆ ಮಗು ಬರುತ್ತದೆ ಅಂತ ಅವನು ಹೇಳುವುದಿಲ್ಲ. ಅತ್ತರೆ ದುಃಖ ಮುಗಿಯುತ್ತದೆ ಅಂತಲೂ ಹೇಳುವುದಿಲ್ಲ. ಮಳೆ ತಡೆದು ನಿಲ್ಲಬಾರದು, ಬೀಳಬೇಕು, ಅಷ್ಟೇ ಅವನ ಬೇಡಿಕೆ. ಹೇಳುವವನೂ ಅದೇ ಮಗುವಿನ ಅಪ್ಪ. ಅವಳ ಕಣ್ಣಲ್ಲಿ ನಿಂತ ಮಳೆ ಅವನದೂ ಹೌದು. ಇಷ್ಟು ದೊಡ್ಡ ದುಃಖದಲ್ಲಿ ಇಷ್ಟು ಸಣ್ಣ ಬೇಡಿಕೆ ಇಟ್ಟ ಹಾಡು ನನಗೆ ಇನ್ನೊಂದು ಗೊತ್ತಿಲ್ಲ. ಸಮಾಧಾನ ಹೇಳಲಿಕ್ಕೆ ಹೋಗುವವರೆಲ್ಲ ಇದನ್ನು ಒಮ್ಮೆ ಓದಬೇಕು. ನಾವು ಸಾವಿನ ಮನೆಗೆ ಹೋದರೆ ಮೊದಲು ಹೇಳುವುದೇ ‘ಅಳಬೇಡ’ ಅಂತ ಅಲ್ವಾ?

ಮಳೆ ಬೀಳುವಾಗ ಅಳುವುದು ಯಾಕೆ ಸುಲಭ? ಹೆಂಚಿನ ಮನೆಯಲ್ಲಿ ಇದ್ದವರಿಗೆ ನಾನು ಹೇಳಬೇಕಾಗಿಲ್ಲ. ಮಳೆ ಜೋರಾದರೆ ಒಳಗಿನ ಕೋಣೆಯ ಸದ್ದು ಜಗಲಿಗೆ ಕೇಳುವುದಿಲ್ಲ. ಒಂದೇ ಸಮ ಬೀಳುವ ಸದ್ದು ಬೇರೆ ಸಣ್ಣಪುಟ್ಟ ಸದ್ದುಗಳನ್ನು ಮುಚ್ಚಿಹಾಕುತ್ತದೆ, ಕಿವಿ ಬೆಚ್ಚುವುದು ಕಡಿಮೆಯಾಗುತ್ತದೆ. ನಿದ್ದೆ ಬಾರದವರು ಈಗ ಮೊಬೈಲಿನಲ್ಲಿ ಮಳೆಯ ಸದ್ದು ಹಾಕಿಕೊಂಡು ಮಲಗುತ್ತಾರಲ್ಲ, ಅದರ ಗುಟ್ಟೂ ಇದೇ. ಕೂಡು ಕುಟುಂಬದಲ್ಲಿ ಹೆಂಗಸರಿಗೆ ಅಳಲಿಕ್ಕೆ ಒಂದು ಮೂಲೆ ಸಿಗುವುದೂ ಕಷ್ಟವಿತ್ತು. ಮಳೆ ಅವರಿಗೊಂದು ಬಾಗಿಲು ಹಾಕಿಕೊಟ್ಟ ಹಾಗೆ. ಹಾಡು ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಹೆಂಗಸರ ಹಾಡು ಅಂದರೆ ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರನ್ನು ನೆನೆಯದೆ ಮುಂದೆ ಹೋಗುವ ಹಾಗಿಲ್ಲ. 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ತೀರಿಕೊಂಡರು. ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ಬಾಯಲ್ಲಿ ಉಳಿಸಿಕೊಂಡವರು, ಊರಿನಲ್ಲಿ ಸಾರಾಯಿ ವಿರುದ್ಧ ನಿಂತವರು. ಆ ಸಮುದಾಯದಲ್ಲಿ ಹಾಡು ಕೆಲಸದ ಜೊತೆಗೇ ಬರುವಂಥದ್ದು. ನೆಟ್ಟಿಯ ಕಾಲದಲ್ಲಿ ಗದ್ದೆಗೆ ಇಳಿದ ಹೆಂಗಸರನ್ನು ನೆನೆಸಿಕೊಳ್ಳಿ. ಬೆನ್ನ ಮೇಲೆ ಮಳೆ, ಮೊಣಕಾಲವರೆಗೆ ಕೆಸರು. ಒಬ್ಬಳು ಸಾಲು ಎತ್ತಿದರೆ ಉಳಿದವರು ಅದನ್ನು ಹಿಡಿದುಕೊಳ್ಳುತ್ತಾರೆ. ಅಂಥ ಹಾಡಿನಲ್ಲಿ ಮಳೆಯ ವರ್ಣನೆ ಇರಲೇಬೇಕು ಅಂತಿಲ್ಲ. ಮೈಮೇಲೆ ಬೀಳುತ್ತಿರುವುದನ್ನು ಯಾರು ವರ್ಣಿಸುತ್ತಾರೆ? ಅಲ್ಲಿ ಸಮಾಧಾನ ಸಿಗುವುದು ಪಕ್ಕದಲ್ಲಿ ಬಗ್ಗಿ ನಿಂತವಳ ದನಿಯಿಂದ. ಸಭಾಭವನದಲ್ಲಿ ಕೂತು ಮಳೆಯ ರೂಪಕ ಹುಡುಕುವ ನಮಗೆ ಇದು ಸುಲಭಕ್ಕೆ ಹೊಳೆಯುವುದಿಲ್ಲ.

ಇನ್ನು ನಮ್ಮ ಜಿಲ್ಲೆಯ ಮಳೆಯ ಇನ್ನೊಂದು ಮುಖವನ್ನೂ ಹೇಳಲೇಬೇಕು. 2009ರ ಅಕ್ಟೋಬರ್ 2ರಂದು ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು 19 ಜನ ಸತ್ತರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಂತು. ಕೇರಳದ ಲಾರಿ ಚಾಲಕನೊಬ್ಬನ ಲಾರಿ ಗಂಗಾವಳಿ ನದಿಯಿಂದ ಮೇಲೆ ಬಂದದ್ದು ಎರಡು ತಿಂಗಳು ದಾಟಿದ ಮೇಲೆ, ಶವವೂ ಅದರಲ್ಲೇ ಇತ್ತು. ಆ ಮನೆಗಳಿಗೆ ಹೋಗಿ ಮಳೆ ನೋವು ತೊಳೆಯುತ್ತದೆ ಅಂತ ಹಾಡಲಿಕ್ಕೆ ಆಗುತ್ತದೆಯೇ? ಮಳೆ ಜೋರಾದ ರಾತ್ರಿ ಗುಡ್ಡದ ಬುಡದಲ್ಲಿ ಮನೆ ಇರುವವರು ಮಲಗುವುದಿಲ್ಲ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ, ನಿಯಮ ಸರಿಯೇ. ಆದರೆ ಆ ಎರಡು ತಿಂಗಳು ಮನೆ ನಡೆಯುವುದು ಸಾಲದ ಮೇಲೆ. ಮಳೆಯ ಅಬ್ಬರ ಇಳಿದು, ನೂಲು ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಟ್ಟ ಮೇಲೆ ಅವರ ಮುಖ ಅರಳುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಸಿನಿಮಾ ಹಾಡು ಬಂದರೆ ನಾವು ಮಳೆಗೆ ಸೋಲುತ್ತೇವೆ. 2006ರ ಕೊನೆಯಲ್ಲಿ ‘ಮುಂಗಾರು ಮಳೆ’ ಬಂದಾಗ ಸೋಲದವರು ಯಾರು? ಅದರಲ್ಲಿ ‘ಅನಿಸುತಿದೆ ಯಾಕೋ ಇಂದು’ ಬರೆದವರು ನಮ್ಮ ಗೋಕರ್ಣದ ಜಯಂತ ಕಾಯ್ಕಿಣಿ. ಸಿನಿಮಾದ ಹೆಸರು ಹೊತ್ತ ಹಾಡು ಬರೆದವರು ನಿರ್ದೇಶಕ ಯೋಗರಾಜ ಭಟ್ಟರೇ. ಎರಡನ್ನೂ ಕಾಯ್ಕಿಣಿಯವರ ಲೆಕ್ಕಕ್ಕೆ ಹಾಕುವವರು ನಮ್ಮ ಜಿಲ್ಲೆಯಲ್ಲಿ ಇದ್ದಾರೆ. ಊರಿನ ಅಭಿಮಾನ, ಇರಲಿ ಬಿಡಿ.

ಕಾಯ್ಕಿಣಿಯವರ ಹಾಡಿನಲ್ಲಿ ಸುರಿಯುವ ಸೋನೆಗೆ ಅವಳದೇ ಪರಿಮಳ ಇದೆ. ಕೂಡಲೇ ಮುಂದಿನ ಮಾತು: ಅವಳು ಇನ್ಯಾರ ಕನಸಿಗೆ ಹೋದರೂ ತಳಮಳ. ನೋಡಿ, ಸೋನೆ ಬಂತು ಅಂತ ಮನಸ್ಸು ತಣಿಯಲಿಲ್ಲ, ಇನ್ನಷ್ಟು ಕದಡಿತು. ಕಾಳಿದಾಸನ ಯಕ್ಷನಿಗೆ ಆದದ್ದೂ ಇದೇ ಅಲ್ವಾ? ಭಟ್ಟರ ಹಾಡು ಮಳೆಯನ್ನೇ ನಿಲ್ಲಿಸಿ ಪ್ರಶ್ನೆ ಕೇಳುತ್ತದೆ. ಯಾವ ಚಿಪ್ಪಿನಲ್ಲಿ ಯಾವ ಹನಿ ಮುತ್ತಾಗುತ್ತದೆ ಅಂತ ತಿಳಿಯದಾಗಿದೆ ಅನ್ನುತ್ತದೆ. ಸ್ವಾತಿ ಮಳೆ ಮುತ್ತಿನ ಬೆಳೆ ಅಂತ ನಮ್ಮ ಹಿರಿಯರು ಹೇಳುತ್ತಾರಲ್ಲ, ಅದೇ ನಂಬಿಕೆ ಹೊಸ ಅಂಗಿ ಹಾಕಿಕೊಂಡು ಬಂದಿದೆ. ಸಾವಿರ ಹನಿ ಬೀಳುತ್ತವೆ, ಮುತ್ತಾಗುವುದು ಒಂದು. ಮಿಕ್ಕವು ಸುಮ್ನೆ ನೀರು. ಹಾಡು ಯಾರಿಗೂ ಮಾತು ಕೊಡುವುದಿಲ್ಲ. ಸಿನಿಮಾ ಅಂತೂ ಇನ್ನೂ ನಿಷ್ಠುರ. ಕೊನೆಗೆ ನಾಯಕನಿಗೆ ಹುಡುಗಿಯೂ ಸಿಗಲಿಲ್ಲ, ಜೊತೆಗಿದ್ದ ಮೊಲವೂ ಉಳಿಯಲಿಲ್ಲ. ಮಳೆಯ ಹೆಸರಿಟ್ಟ ಸಿನಿಮಾದಲ್ಲೇ ಮಳೆ ಯಾರ ಗಾಯವನ್ನೂ ಮಾಯಿಸಲಿಲ್ಲ! ಬಹುಶಃ ಅದಕ್ಕೇ ನಾವು ಅದನ್ನು ನಂಬಿದೆವು.

ಆಮೇಲೆ ಬಂದ ಮಳೆ ಹಾಡುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹನಿ ಹನಿ ಅಂದರೆ ಸಾಕು ಹಾಡಾಗುತ್ತದೆ ಅಂತ ಎಷ್ಟೋ ಜನ ತಿಳಿದುಕೊಂಡರು. ಚಿತ್ರೀಕರಣ ಮಾಡುವವರಿಂದ ಅವರು ಒಂದು ಪಾಠ ಕಲಿಯಬಹುದಿತ್ತು. ಕ್ಯಾಮೆರಾಕ್ಕೆ ಮಳೆ ತನ್ನಷ್ಟಕ್ಕೆ ಸರಿಯಾಗಿ ಕಾಣುವುದಿಲ್ಲ. ಎದುರಿನಿಂದ ಬೆಳಕು ಬಿಟ್ಟರೆ ಹನಿ ಮಾಯವಾಗುತ್ತದೆ. ಹಿಂದಿನಿಂದ ಬೆಳಕು ಇಟ್ಟರೆ ಒಂದೊಂದು ಎಳೆಯೂ ಹೊಳೆಯುತ್ತದೆ. ಸಾಹಿತ್ಯದಲ್ಲೂ ಅಷ್ಟೇ. ಮಳೆಯ ಹಿಂದೆ ಒಬ್ಬ ಮನುಷ್ಯ, ಒಂದು ಮನೆ, ಒಂದು ಕಳೆದುಹೋದ ವಸ್ತು ಇರಬೇಕು. ಬರೀ ಮಳೆ ಇಟ್ಟರೆ ಏನೂ ಕಾಣುವುದಿಲ್ಲ.

ಒಂದು ಮಾತು ಹಾಡಿನ ಆಚೆಯದು. ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣದಿದ್ದರೆ ಕೆಲವರ ಮನಸ್ಸು ಕುಗ್ಗುತ್ತದೆ. ಹಾಡು ಕೇಳಿದರೆ ಹೋಗುವಂಥ ಬೇಜಾರು ಒಂದು ಇದೆ, ಹೋಗದಂಥದ್ದು ಇನ್ನೊಂದು ಇದೆ. ನಿದ್ದೆ ಊಟ ಬಿಟ್ಟು ಎರಡು ವಾರ ಹಾಗೇ ಕೂತವರಿಗೆ ಹಾಡು ಹಾಕಿಕೊಡಬೇಡಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಘಟ್ಟದ ರಸ್ತೆ ಬಂದ್ ಆಗಿದ್ದರೆ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮಾತು ಮುಗಿಸಿ ಕೂರುವಷ್ಟರಲ್ಲಿ ಮುಂದಿನ ಸಾಲಿನ ಅಜ್ಜ ಒಬ್ಬರು ಕೇಳಿದರು: “ಹಂಗಾರೆ ನಮ್ಮ ಬದಿಯವು ಮಳೆ ಹಾಡು ಬರೆಯದೇ ಬ್ಯಾಡ ಹೇಳ್ತ್ಯ ತಮಾ?”

ಖಂಡಿತ ಬರೆಯಬೇಕು ಅಂದೆ. ಆದರೆ ನಮ್ಮ ಹಾಡಿನಲ್ಲಿ ಹೊಳವಿಗೂ ಒಂದು ಚರಣ ಇರಲಿ. ಇಷ್ಟೊತ್ತು ನಾನು ಹೇಳಿದ ಒಂದು ಹಾಡಿನಲ್ಲೂ ಅದು ಇಲ್ಲ. ಮಳೆ ಬಿದ್ದಾಗ ಅತ್ತವರು ಸಿಗುತ್ತಾರೆ, ಮಳೆ ನಿಂತಾಗ ಎದ್ದವರು ಸಿಗುವುದಿಲ್ಲ. ನಿಮಗೇ ಗೊತ್ತಿದೆ, ಎರಡು ತಾಸು ಬಿಸಿಲು ಬಂದರೆ ಈ ಊರಿನಲ್ಲಿ ಏನೇನು ನಡೆಯುತ್ತದೆ. ಮೈಲುತುತ್ತ ಸುಣ್ಣ ಕಲಸುತ್ತಾರೆ, ಔಷಧಿ ಒಣಗುವಷ್ಟು ಹೊತ್ತಾದರೂ ಮಳೆ ಬಾರದಿರಲಿ ಅಂತ ಮೇಲೆ ನೋಡುತ್ತಾರೆ. ಬಚ್ಚಲೊಲೆಯ ಮೇಲೆ ನೇತುಹಾಕಿದ್ದ ಹೊಗೆ ವಾಸನೆಯ ಬಟ್ಟೆಗಳೆಲ್ಲ ಅಂಗಳಕ್ಕೆ ಬರುತ್ತವೆ. ಕೊಚ್ಚಿಹೋದ, ಹಳ್ಳ ದಾಟುವ ಕಾಲುಸಂಕಕ್ಕೆ ಅಡಿಕೆ ಮರ ಕಡಿದು ಹಾಸುತ್ತಾರೆ. ವಾರದಿಂದ ಮುಖ ಕಾಣದ ಆಚೆ ಮನೆಯವರು ಸಂಕ ದಾಟಿ ಬರುತ್ತಾರೆ. ದುಃಖದಲ್ಲಿದ್ದವಳೂ ಎದ್ದು ಹಪ್ಪಳ ಬಿಸಿಲಿಗೆ ಇಡುತ್ತಾಳೆ. ಮನಸ್ಸು ಸರಿಹೋಯಿತು ಅಂತಲ್ಲ. ಹೊಳವು ಬಂದಿದೆ, ಮತ್ತೆ ಮಳೆ ಬರುವುದರೊಳಗೆ ಕೆಲಸ ಆಗಬೇಕು.

ಅಜ್ಜ ನಕ್ಕರು. “ಅದಕ್ಕೆ ರಾಗ ಯಾವ್ದು?” ಅಂದರು. ಅದನ್ನು ಸಂಗೀತ ಬಲ್ಲವರು ಹೇಳಬೇಕು ಅಂತ ಹಿಂದಿನ ಸಾಲಿನ ಹಾರ್ಮೋನಿಯಂ ಮೇಷ್ಟ್ರ ಕಡೆ ತೋರಿಸಿದೆ. ಅವರು ವೃಂದಾವನಿ ಸಾರಂಗ ಅಂದರು. ಮಧ್ಯಾಹ್ನದ ರಾಗ, ಬಿಸಿಲಿನದು. ಪಕ್ಕದಲ್ಲಿ ಕೂತವರು ಒಪ್ಪಲಿಲ್ಲ, ದೇಸ್ ಆಗಬೇಕು ಅಂದರು. ಅಲ್ಲಿಂದ ಮುಂದಿನ ಅರ್ಧ ತಾಸು ಸಭೆ ಅವರಿಬ್ಬರದ್ದೇ ಆಯಿತು.